ನೈರೋಬಿ ಮತ್ತು ಲಾಗೋಸ್: ಕೇಳಿದ ಊರು, ಇರುವ ಊರು

ಕೆನ್ಯಾದ ನೈರೋಬಿ ಮತ್ತು ನೈಜೀರಿಯಾದ ಲಾಗೋಸ್ ಎರಡೂ ಆಫ್ರಿಕಾದ ನಗರಗಳು, ಆದ್ದರಿಂದ ಅಲ್ಲಿನ ದಿನನಿತ್ಯದ ಬದುಕು ಹೆಚ್ಚುಕಡಿಮೆ ಒಂದೇ ಎಂಬುದು ಈ ಊರುಗಳ ಬಗೆಗಿನ ಮೊದಲ ತಪ್ಪು ಕಲ್ಪನೆ. ಉಳಿದ ಹಲವು ತಪ್ಪುಗಳ ಬೇರು ಇಲ್ಲಿಯೇ ಇದೆ. ಎರಡರ ನಡುವಿನ ನೇರ ದೂರ ಸುಮಾರು 3,800 ಕಿ.ಮೀ. ಬೆಂಗಳೂರಿನಿಂದ ನೈರೋಬಿಗೆ ಇರುವ ದೂರ ಇದಕ್ಕಿಂತ ಸಾವಿರ ಕಿ.ಮೀ.ನಷ್ಟು ಮಾತ್ರ ಹೆಚ್ಚು. ನೈರೋಬಿಯಲ್ಲಿ ನಡುಹಗಲು ಹನ್ನೆರಡಾದಾಗ ಲಾಗೋಸಿನಲ್ಲಿ ಬೆಳಗಿನ ಹತ್ತು, ಭಾರತದಲ್ಲಿ ಮಧ್ಯಾಹ್ನದ ಎರಡೂವರೆ. ನೈರೋಬಿ 1899ರಲ್ಲಿ ರೈಲ್ವೆ ಬಿಡಾರವಾಗಿ ಹುಟ್ಟಿ ಎತ್ತರದ ಪ್ರಸ್ಥಭೂಮಿಯ ಮೇಲೆ ಬೆಳೆಯಿತು. ಲಾಗೋಸ್ ಅಟ್ಲಾಂಟಿಕ್ ಕರಾವಳಿಯಲ್ಲಿ, ಹಿನ್ನೀರು ಮತ್ತು ದ್ವೀಪಗಳ ನಡುವೆ ಬಂದರಾಗಿ ಹಬ್ಬಿತು. ಜನ ಏನು ಉಡುತ್ತಾರೆ, ಯಾವಾಗ ಮನೆ ಬಿಡುತ್ತಾರೆ ಎಂಬುದೆಲ್ಲ ಈ ನೆಲಕ್ಕೆ ತಕ್ಕಂತೆ ಬೇರೆಬೇರೆ.

ಆಫ್ರಿಕಾ ಎಂದರೆ ಸದಾ ಉರಿಬಿಸಿಲು ಎಂಬ ನಂಬಿಕೆ ನೈರೋಬಿಯಲ್ಲಿ ನಿಲ್ಲುವುದಿಲ್ಲ. ಸಮಭಾಜಕ ವೃತ್ತದ ಪಕ್ಕದಲ್ಲೇ ಇದ್ದರೂ ನಗರ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಮೇಲಿದೆ. ಜುಲೈ ತಿಂಗಳಲ್ಲಿ ದಿನಗಟ್ಟಲೆ ಮೋಡ ಕವಿದು, ಬೆಳಗಿನ ಜಾವ ತಾಪಮಾನ ಹತ್ತು–ಹನ್ನೆರಡು ಡಿಗ್ರಿಗೆ ಇಳಿಯುತ್ತದೆ. ಶಾಲಾ ಮಕ್ಕಳ ಸಮವಸ್ತ್ರದಲ್ಲಿ ಸ್ವೆಟರ್ ಇರುತ್ತದೆ, ಹೆಚ್ಚಿನ ಮನೆಗಳಲ್ಲಿ ಫ್ಯಾನ್ ಇರುವುದಿಲ್ಲ. ಲಾಗೋಸ್ ಮಾತ್ರ ಸೆಕೆಯ ಊರೇ. ರಾತ್ರಿಯೂ ಬೆವರಿಳಿಸುವ ಗಾಳಿ, ಜೂನ್–ಜುಲೈನಲ್ಲಿ ರಸ್ತೆ ಮುಳುಗಿಸುವ ಮಳೆ. ಡಿಸೆಂಬರ್–ಜನವರಿಯಲ್ಲಿ ಸಹಾರಾ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿ ಆಕಾಶವನ್ನು ಧೂಳಿನಿಂದ ಮಸುಕು ಮಾಡುತ್ತದೆ.

ಊರ ಬೀದಿಯಲ್ಲೇ ಕಾಡುಪ್ರಾಣಿಗಳು ಓಡಾಡುತ್ತವೆ ಎಂಬ ಕಥೆಗೆ ನೈರೋಬಿಯಲ್ಲಿ ಅಷ್ಟಿಷ್ಟು ಆಧಾರವಿದೆ. 1946ರಲ್ಲಿ ಘೋಷಣೆಯಾದ 117 ಚದರ ಕಿ.ಮೀ.ಗಳ ರಾಷ್ಟ್ರೀಯ ಉದ್ಯಾನ ನಗರಕ್ಕೆ ಅಂಟಿಕೊಂಡೇ ಇದೆ. ಅಲ್ಲಿ ಸಿಂಹ, ಘೇಂಡಾಮೃಗ, ಜಿರಾಫೆಗಳಿವೆ. ಆದರೆ ಊರ ಕಡೆಗೆ ಬೇಲಿಯಿದೆ. ಬಯಲಿನ ದಕ್ಷಿಣ ದಿಕ್ಕು ಮಾತ್ರ ಪ್ರಾಣಿಗಳ ಓಡಾಟಕ್ಕೆ ತೆರೆದಿದೆ. ಅಪರೂಪಕ್ಕೆ ಸಿಂಹವೊಂದು ಹೊರಬಂದರೆ ಅದು ನೈರೋಬಿಯ ಪತ್ರಿಕೆಗಳಿಗೂ ದೊಡ್ಡ ಸುದ್ದಿ.

ಲಾಗೋಸ್ ನೈಜೀರಿಯಾದ ರಾಜಧಾನಿ ಎಂಬುದು ಇನ್ನೊಂದು ತಪ್ಪು. 1991ರ ಡಿಸೆಂಬರ್ 12ರಂದೇ ರಾಜಧಾನಿ ಅಬುಜಾಕ್ಕೆ ಹೋಯಿತು. ಹೋದದ್ದು ಸರ್ಕಾರ, ಉಳಿದದ್ದು ಬಂದರು, ಬ್ಯಾಂಕು, ಸಿನಿಮಾ, ಸಂಗೀತ.

ಜನಸಂಖ್ಯೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ನೈರೋಬಿಯ ಕಿಬೇರಾದಲ್ಲಿ ಹತ್ತು ಲಕ್ಷ ಜನರಿದ್ದಾರೆ, ಅದು ಆಫ್ರಿಕಾದ ಅತಿದೊಡ್ಡ ಕೊಳೆಗೇರಿ ಎಂಬ ಮಾತು ವರ್ಷಗಟ್ಟಲೆ ವರದಿಯಿಂದ ವರದಿಗೆ ಸಾಗಿ ಬಂತು. 2009ರ ಜನಗಣತಿಯಲ್ಲಿ ಅಲ್ಲಿ ಎಣಿಕೆಯಾದವರು ಸುಮಾರು 1,70,000. ಗಣತಿ ಕೆಲವರನ್ನು ಬಿಟ್ಟಿರಬಹುದು ಎಂದು ಒಪ್ಪಿದರೂ ಹತ್ತು ಲಕ್ಷಕ್ಕೂ ಇದಕ್ಕೂ ಹೊಂದಿಕೆಯೇ ಇಲ್ಲ. ಇದರಿಂದ ಕಿಬೇರಾದ ಕಷ್ಟ ಸಣ್ಣದಾಗುವುದಿಲ್ಲ. ತಗಡಿನ ಒಂಟಿ ಕೋಣೆಗೂ ಅಲ್ಲಿ ತಿಂಗಳ ಬಾಡಿಗೆ ಕಟ್ಟಬೇಕು, ಕುಡಿಯುವ ನೀರನ್ನು ಕ್ಯಾನಿನ ಲೆಕ್ಕದಲ್ಲಿ ಕೊಳ್ಳಬೇಕು. ಆದರೆ ಕಷ್ಟವನ್ನು ಹೇಳಲು ಸುಳ್ಳು ಅಂಕಿ ಬೇಕಿಲ್ಲ. 2019ರ ಗಣತಿಯಂತೆ ಇಡೀ ನೈರೋಬಿಯ ಜನಸಂಖ್ಯೆ ಸುಮಾರು 44 ಲಕ್ಷ. ಲಾಗೋಸಿಗೆ ಹೀಗೆ ಖಚಿತವಾದ ಸಂಖ್ಯೆಯೇ ಇಲ್ಲ. ನೈಜೀರಿಯಾದ ಕೊನೆಯ ಜನಗಣತಿ ನಡೆದದ್ದು 2006ರಲ್ಲಿ. ಅದು ಲಾಗೋಸ್ ರಾಜ್ಯಕ್ಕೆ ಸುಮಾರು 91 ಲಕ್ಷ ಎಂದರೆ, ರಾಜ್ಯ ಸರ್ಕಾರ ಒಂದೂಮುಕ್ಕಾಲು ಕೋಟಿ ಎಂದು ವಾದಿಸಿತು. ಇಂದು ಲಾಗೋಸಿನ ಹೆಸರಿನಲ್ಲಿ ಓಡಾಡುವ ಸಂಖ್ಯೆಗಳೆಲ್ಲ ಅಂದಾಜುಗಳು.

ಈ ನಗರಗಳ ಸಾರಿಗೆಗೆ ಕ್ರಮವೇ ಇಲ್ಲ ಎನ್ನುವವರು ಆ ಗದ್ದಲದ ಒಳಗಿನ ವ್ಯವಸ್ಥೆಯನ್ನು ನೋಡಿರುವುದಿಲ್ಲ. ನೈರೋಬಿಯ ಮಟಾಟುಗಳು ಖಾಸಗಿ ವಾಹನಗಳು. ಮೈತುಂಬ ಬಣ್ಣದ ಚಿತ್ರ, ಒಳಗೆ ಎದೆ ನಡುಗಿಸುವ ಸಂಗೀತ. ಆದರೂ ಅವು ಗೊತ್ತಾದ ಮಾರ್ಗದಲ್ಲಿ, ಸಹಕಾರ ಸಂಘಗಳ ಹೆಸರಿನಲ್ಲಿ ಓಡುತ್ತವೆ. 2004ರಲ್ಲಿ ಸೀಟ್ ಬೆಲ್ಟ್ ಮತ್ತು ವೇಗ ನಿಯಂತ್ರಕ ಕಡ್ಡಾಯವಾದವು. ಲಾಗೋಸಿನ ಡ್ಯಾನ್‌ಫೋ ಹಳದಿ ಮೈಗೆ ಕಪ್ಪು ಪಟ್ಟೆ ಬಳಿದ ಹಳೆಯ ವ್ಯಾನು. ತೆರೆದ ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್ ‘ಓಶೋಡಿ, ಓಶೋಡಿ’ ಎಂದು ಹೋಗುವ ಜಾಗದ ಹೆಸರು ಕೂಗಿ ಜನರನ್ನು ತುಂಬಿಸುತ್ತಾನೆ. ಚಿಲ್ಲರೆ ಇಲ್ಲದಿದ್ದರೆ ಇಬ್ಬರು ಪ್ರಯಾಣಿಕರಿಗೆ ಸೇರಿಸಿ ಒಂದೇ ನೋಟು ಕೊಟ್ಟುಬಿಡುತ್ತಾನೆ. ಅಪರಿಚಿತರಾದ ಆ ಇಬ್ಬರು ಒಟ್ಟಿಗೆ ಇಳಿದು, ಹತ್ತಿರದ ಅಂಗಡಿಯಲ್ಲಿ ನೋಟು ಮುರಿಸಿ, ಪಾಲು ಹಂಚಿಕೊಂಡು ತಂತಮ್ಮ ದಾರಿ ಹಿಡಿಯುತ್ತಾರೆ. ಇಂಥ ನೂರಾರು ಅಲಿಖಿತ ಒಪ್ಪಂದಗಳ ಮೇಲೆ ಆ ಮಹಾನಗರ ನಡೆಯುತ್ತಿದೆ. ನಿಜವಾದ ಸಂಕಟ ಹೊತ್ತಿನದು. ಮುಖ್ಯಭೂಮಿಯಲ್ಲಿ ಮನೆ, ದ್ವೀಪದಲ್ಲಿ ಕೆಲಸ ಇರುವವರು ಹನ್ನೊಂದು ಕಿ.ಮೀ.ಗೂ ಉದ್ದದ ಥರ್ಡ್ ಮೇನ್‌ಲ್ಯಾಂಡ್ ಸೇತುವೆಯನ್ನು ಅದು ವಾಹನಗಳಿಂದ ಕಿಕ್ಕಿರಿಯುವ ಮುನ್ನ ದಾಟಲು ನಸುಕಿನಲ್ಲೇ ಹೊರಡುತ್ತಾರೆ. 2008ರಲ್ಲಿ ಪ್ರತ್ಯೇಕ ಪಥದ ಬಸ್ಸುಗಳು ಬಂದವು. 2023ರ ಸೆಪ್ಟೆಂಬರ್‌ನಲ್ಲಿ 13 ಕಿ.ಮೀ.ಗಳ ವಿದ್ಯುತ್ ರೈಲು ಮಾರ್ಗ ಪ್ರಯಾಣಿಕರಿಗೆ ತೆರೆಯಿತು.

ತಂತ್ರಜ್ಞಾನದಲ್ಲಿ ಈ ನಗರಗಳು ಹಿಂದುಳಿದಿವೆ ಎಂಬ ಕಲ್ಪನೆಯಂತೂ ಸತ್ಯಕ್ಕೆ ತೀರಾ ದೂರ. ಮೊಬೈಲಿನಿಂದ ಹಣ ಕಳಿಸುವ ಎಂ-ಪೆಸಾ ಕೆನ್ಯಾದಲ್ಲಿ ಶುರುವಾದದ್ದು 2007ರ ಮಾರ್ಚ್‌ನಲ್ಲಿ. ಭಾರತಕ್ಕೆ ಯುಪಿಐ ಬಂದದ್ದು 2016ರಲ್ಲಿ. ಎಂ-ಪೆಸಾಗೆ ಸ್ಮಾರ್ಟ್‌ಫೋನೂ ಬೇಕಿರಲಿಲ್ಲ, ಬ್ಯಾಂಕ್ ಖಾತೆಯೂ ಬೇಕಿರಲಿಲ್ಲ. ಗುಂಡಿ ಒತ್ತುವ ಫೋನಿನಲ್ಲಿ ಸಿಮ್ ಮೆನು ತೆರೆದು, ಸಂಖ್ಯೆ ಮತ್ತು ಮೊತ್ತ ಒತ್ತಿ, ಗುಪ್ತ ಪಿನ್ ಹಾಕಿದರೆ ಇಬ್ಬರಿಗೂ ಸಂದೇಶ ಬರುತ್ತದೆ. ನಗದು ಬೇಕಾದರೆ ಬೀದಿಯ ಏಜೆಂಟನ ಬಳಿ ಹೋದರಾಯಿತು. ನೈರೋಬಿಯ ಸೊಪ್ಪು ಮಾರುವ ಹೆಂಗಸಿಗೆ ಇದು ದಿನದ ವ್ಯವಹಾರ. ಲಾಗೋಸ್ ಬೇರೆ ದಾರಿ ಹಿಡಿಯಿತು. ಅಲ್ಲಿ ಬ್ಯಾಂಕುಗಳೇ ಮುಂದಿದ್ದವು. ಖಾತೆಯಿಂದ ಖಾತೆಗೆ ತಕ್ಷಣ ಹಣ ಹೋಗುವ ವ್ಯವಸ್ಥೆ 2011ರಲ್ಲೇ ಬಂತು. ಬೀದಿಬದಿಯಲ್ಲಿ ಬಣ್ಣದ ಛತ್ರಿ, ಒಂದು ಮೇಜು, ಕಾರ್ಡ್ ಯಂತ್ರ ಇಟ್ಟುಕೊಂಡು ಕೂತವರೇ ಬಡಾವಣೆಯ ಬ್ಯಾಂಕು. 2023ರ ಆರಂಭದಲ್ಲಿ ನೈಜೀರಿಯಾದ ನೈರಾ ನೋಟುಗಳ ಬದಲಾವಣೆಯಿಂದ ನಗದಿಗೆ ಬರ ಬಂದಾಗ, ಸ್ವಂತ ದುಡ್ಡನ್ನು ಪಡೆಯಲು ಜನ ಇವರಿಗೆ ವಿಪರೀತ ಶುಲ್ಕ ತೆರಬೇಕಾಯಿತು.

ತೈಲವಿರುವ ದೇಶದಲ್ಲಿ ವಿದ್ಯುತ್ತಿಗೆ ಕೊರತೆಯಿರದು ಎಂಬ ಊಹೆಯೂ ತಲೆಕೆಳಗು. ಲಾಗೋಸಿನ ಮನೆ, ಅಂಗಡಿಗಳು ಜನರೇಟರ್ ಸದ್ದಿಗೆ ಒಗ್ಗಿವೆ. 2023ರ ಮೇ ತಿಂಗಳಲ್ಲಿ ಪೆಟ್ರೋಲ್ ಸಬ್ಸಿಡಿ ನಿಂತು ಬೆಲೆ ಏರಿದ ಮೇಲೆ ಜನರೇಟರ್ ಓಡಿಸುವುದೇ ದೊಡ್ಡ ಖರ್ಚು. ನೈರೋಬಿಯಲ್ಲೂ ಕರೆಂಟ್ ಹೋಗುತ್ತದೆ, ಆದರೆ ಕೆನ್ಯಾದ ವಿದ್ಯುತ್ತಿನ ಮುಕ್ಕಾಲಿಗೂ ಹೆಚ್ಚು ಪಾಲು ಬರುವುದು ಭೂಶಾಖ, ನೀರು ಮತ್ತು ಗಾಳಿಯಿಂದ.

ಊಟದಲ್ಲಿ ಕನ್ನಡಿಗರಿಗೆ ಪರಿಚಿತವಾದದ್ದು ಸಿಗುತ್ತದೆ. ನೈರೋಬಿಯ ಉಗಾಲಿ ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿನಲ್ಲಿ ತಿರುವಿ ಮಾಡಿದ ಗಟ್ಟಿ ಮುದ್ದೆ. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ಲಾಗೋಸಿನ ಎಬಾ ಮರಗೆಣಸಿನ ಹಿಟ್ಟಿನದು, ಅಮಲಾ ಒಣಗಿಸಿದ ಗೆಡ್ಡೆಯ ಹಿಟ್ಟಿನದು. ತುತ್ತು ಮುರಿದು, ಖಾರದ ಸಾರಿನಲ್ಲಿ ಅದ್ದಿ, ರಾಗಿಮುದ್ದೆಯಂತೆ ಅಗಿಯದೆ ನುಂಗುವುದೇ ಕ್ರಮ. ನೈರೋಬಿಯವರು ಚಪಾತಿ ಮತ್ತು ಹಾಲಿನ ಚಹಾವನ್ನು ತಮ್ಮದೇ ಮನೆ ಅಡುಗೆ ಎಂದು ಎಣಿಸುತ್ತಾರೆ. ಲಾಗೋಸಿನಲ್ಲಿ ಆ ರೂಢಿಯಿಲ್ಲ.

ಭಾರತೀಯರೊಂದಿಗೆ ನೈರೋಬಿಗೆ ಬಂದ ಈ ಚಪಾತಿಯ ಹಿಂದಿನ ಇತಿಹಾಸದ ಸುತ್ತಲೂ ಒಂದು ತಪ್ಪು ಕಲ್ಪನೆಯಿದೆ. ಮೊಂಬಾಸಾದಿಂದ ಒಳನಾಡಿಗೆ ರೈಲು ಹಾಕಲು ಬ್ರಿಟಿಷರು ಅವಿಭಜಿತ ಭಾರತದಿಂದ, ಬಹುಪಾಲು ಪಂಜಾಬಿನಿಂದ, ಸುಮಾರು 32,000 ಕೂಲಿಗಳನ್ನು ಒಯ್ದರು. ನೈರೋಬಿಯ ಭಾರತೀಯ ಮೂಲದವರೆಲ್ಲ ಅವರ ಮಕ್ಕಳು, ಮೊಮ್ಮಕ್ಕಳು ಎನ್ನುವುದು ವಾಡಿಕೆ. ವಾಸ್ತವದಲ್ಲಿ ಆ ಕೆಲಸದಲ್ಲಿ ಸುಮಾರು 2,500 ಮಂದಿ ಪ್ರಾಣ ಕಳೆದುಕೊಂಡರು, ಅಲ್ಲೇ ಉಳಿದವರು ಸುಮಾರು 6,700 ಮಂದಿ, ಮಿಕ್ಕವರು ಊರಿಗೆ ಮರಳಿದರು. ಇಂದಿನ ಕುಟುಂಬಗಳಲ್ಲಿ ಹೆಚ್ಚಿನವು ವ್ಯಾಪಾರಕ್ಕೆಂದು ಬಂದ ಗುಜರಾತಿಗಳು ಮೊದಲಾದವರ ಸಂತತಿ. ಲಾಗೋಸಿನ ಭಾರತೀಯರು ಬಹುತೇಕ ವ್ಯಾಪಾರಕ್ಕೆ, ಕಂಪನಿ ಕೆಲಸಕ್ಕೆ ಹೋದವರು, ಅಲ್ಲಿ ರೈಲ್ವೆ ಕೂಲಿಗಳ ಕಥೆಯಿಲ್ಲ. ಕೆನ್ಯಾ ಸರ್ಕಾರ 2017ರ ಜುಲೈನಲ್ಲಿ ತನ್ನ ನೆಲದ ಏಷ್ಯಾ ಮೂಲದವರನ್ನು ದೇಶದ 44ನೆಯ ಬುಡಕಟ್ಟು ಎಂದು ಅಧಿಕೃತವಾಗಿ ಮಾನ್ಯ ಮಾಡಿತು.