ಕಾರವಾರದ ದಡವೇರಿದ ಕ್ಷಿಪಣಿ ನೌಕೆ

ರಾಗಿಹೊಲ, ಹಿಪ್ಪುನೇರಳೆಯ ತೋಟ, ತೆಂಗಿನ ಸಾಲು, ಅವುಗಳಾಚೆಗೆ ಬೋಳು ಬಂಡೆಯ ಬೆಟ್ಟಗಳು, ಇವುಗಳ ನಡುವೆ ಹುಟ್ಟಿ ಬೆಳೆದ ಚನ್ನಪಟ್ಟಣದ ಸೀಮೆಯವರಿಗೆ ಜಲರಾಶಿಯೆಂದರೆ ಕಣ್ವ ಜಲಾಶಯ, ಇಲ್ಲವೆ ಇಗ್ಗಲೂರಿನ ಬಳಿ ಶಿಂಷಾ ನದಿಗೆ ಕಟ್ಟಿದ ಅಣೆ. ಸಮುದ್ರವು ನಮ್ಮ ಪಾಲಿಗೆ ಬಹುಮಟ್ಟಿಗೆ ಪುಸ್ತಕದ ವಸ್ತು. ಹಾಗಿದ್ದರೂ ಈ ಒಣಸೀಮೆಯ ಹಳ್ಳಿಗಳಿಂದ ನೌಕಾಪಡೆಗೆ ಸೇರಿ, ಯೌವನವನ್ನೆಲ್ಲ ಉಪ್ಪುನೀರಿನ ಮೇಲೆ ಕಳೆದು, ನಿವೃತ್ತರಾದ ಮೇಲೆ ಮರಳಿ ರೇಷ್ಮೆಯ ಚಂದ್ರಿಕೆಗಳ ನಡುವೆ ನೆಲೆಸಿದವರು ಇಲ್ಲದಿಲ್ಲ. ನನ್ನ ಸೋದರಮಾವನವರು ಅಂಥವರಲ್ಲೊಬ್ಬರು. ಅವರು ಸೇವೆ ಸಲ್ಲಿಸಿದ ಹಡಗಿನ ಹೆಸರು ‘ಮೈಸೂರು’.

ಆ ಹಡಗು ಹುಟ್ಟಿನಿಂದ ನಮ್ಮದಲ್ಲ. 1940ರಲ್ಲಿ ‘ನೈಜೀರಿಯ’ ಎಂಬ ಹೆಸರಿನಿಂದ ಬ್ರಿಟಿಷ್ ನೌಕಾಪಡೆಯನ್ನು ಸೇರಿದ ಈ ಕ್ರೂಸರ್, 1941ರ ಜೂನಿನಲ್ಲಿ ಧ್ರುವಸಾಗರದಲ್ಲಿ ಜರ್ಮನರ ಹವಾಮಾನ ವೀಕ್ಷಣೆಯ ನೌಕೆಯೊಂದನ್ನು ಸೆರೆಹಿಡಿದ ತಂಡದಲ್ಲಿದ್ದು, ಎನಿಗ್ಮಾ ಗೂಢಲಿಪಿಯನ್ನು ಬಿಡಿಸುತ್ತಿದ್ದ ಪಂಡಿತರಿಗೆ ಬೇಕಾಗಿದ್ದ ಕಾಗದಪತ್ರಗಳು ದೊರೆಯಲು ಕಾರಣವಾಯಿತು. ಮರುವರ್ಷ ಮಾಲ್ಟಾ ದ್ವೀಪಕ್ಕೆ ಸರಕು ಒಯ್ಯುವ ಹಡಗುಗಳಿಗೆ ಬೆಂಗಾವಲಾಗಿ ಹೋಗಿ, ಇಟಲಿಯ ಜಲಾಂತರ್ಗಾಮಿಯೊಂದರ ಟಾರ್ಪೆಡೊ ತಗುಲಿಯೂ ಮುಳುಗದೆ ಹಿಂದಿರುಗಿತು. ಯುದ್ಧಾನಂತರ ಭಾರತವು ಅದನ್ನು ಕೊಂಡು, ಜೀರ್ಣೋದ್ಧಾರ ಮಾಡಿಸಿ, 1957ರ ಆಗಸ್ಟಿನಲ್ಲಿ ನಮ್ಮ ರಾಜ್ಯದ ಆಗಿನ ಹೆಸರನ್ನಿಟ್ಟು ಸೇವೆಗೆ ಸೇರಿಸಿತು. ಮೈಸೂರು ಸಂಸ್ಥಾನದ ಗಂಡಭೇರುಂಡವೇ ಅದರ ಲಾಂಛನವಾಯಿತು. 555 ಅಡಿ ಉದ್ದ, ಮೂರು ಗೋಪುರಗಳಲ್ಲಿ ಮೂರು ಮೂರರಂತೆ ಒಂಬತ್ತು ಆರಂಗುಲದ ಫಿರಂಗಿಗಳು, ಏಳುನೂರಕ್ಕೂ ಮಿಕ್ಕ ನಾವಿಕರು, 72,500 ಅಶ್ವಶಕ್ತಿಯ ಉಗಿಯಂತ್ರಗಳು: ನೀರಿನ ಮೇಲೆ ತೇಲುವ ಒಂದು ಪಟ್ಟಣವೇ ಅದಾಗಿತ್ತು.

ಮಾವನವರು ಆ ಪಟ್ಟಣದ ಬೀದಿಗಳನ್ನು ಕಂಡದ್ದು ಕಡಿಮೆ. ಅವರ ವಾಸವೆಲ್ಲ ಪಾತಾಳದ ಬಾಯ್ಲರು ಕೋಣೆಯಲ್ಲಿ. ಅಲ್ಲಿನ ಏರ್ಪಾಡನ್ನು ಅವರು ಬಾಯಿಂದ ವಿವರಿಸುವಾಗ ಕೇಳುವವನ ಮೈ ಬೆವರುತ್ತಿತ್ತು. ಕುಲುಮೆಯೊಳಗೆ ಸಿಂಪಡಿಸಿದ ಎಣ್ಣೆ ಪೂರ್ಣವಾಗಿ ಉರಿಯಬೇಕಾದರೆ ಅಪಾರವಾದ ಗಾಳಿ ಬೇಕು. ಅದಕ್ಕಾಗಿ ಬೃಹತ್ ಪಂಖಗಳು ಹೊರಗಿನ ಗಾಳಿಯನ್ನು ಕೋಣೆಯೊಳಕ್ಕೆ ನೂಕುತ್ತಲೇ ಇರುತ್ತವೆ. ಕೋಣೆಯ ಒತ್ತಡವು ಹೊರಗಿನದಕ್ಕಿಂತ ಹೆಚ್ಚಾಗಿ, ಗಾಳಿಗೆ ಪಾರಾಗಲು ಕುಲುಮೆಯ ಹಾದಿಯೊಂದೇ ಉಳಿಯುತ್ತದೆ. ಆದಕಾರಣ ಒಳಹೋಗುವವನು ಎರಡು ಬಾಗಿಲುಗಳಿರುವ ಒಂದು ಸಣ್ಣ ಕೋಶದ ಮೂಲಕವೇ ಹೋಗಬೇಕು. ಹಿಂದಿನ ಬಾಗಿಲನ್ನು ಭದ್ರವಾಗಿ ಮುಚ್ಚಿದ ಮೇಲೆಯೇ ಮುಂದಿನದನ್ನು ತೆರೆಯಬೇಕು. ಎರಡೂ ಒಟ್ಟಿಗೆ ತೆರೆದರೆ ಒತ್ತಡ ತಪ್ಪಿ, ಕುಲುಮೆಯ ಜ್ವಾಲೆ ಹಿಂದಕ್ಕೆ ಹೊರಳಿ ಕೆಲಸಗಾರರ ಮುಖಕ್ಕೇ ನುಗ್ಗೀತು. ಈ ಶಿಸ್ತು ಅವರಲ್ಲಿ ಎಷ್ಟು ಬೇರೂರಿತ್ತೆಂದರೆ, ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೂ ನಮ್ಮ ಮನೆಯಲ್ಲಿ ಅವರು ಒಂದು ಬಾಗಿಲನ್ನು ಹಾಕದೆ ಇನ್ನೊಂದನ್ನು ತೆಗೆದುದನ್ನು ನಾನು ಕಂಡಿಲ್ಲ.

‘ಮೈಸೂರು’ 1985ರ ಆಗಸ್ಟಿನಲ್ಲಿ ಸೇವೆಯಿಂದ ನಿವೃತ್ತವಾಯಿತು. ಅನಂತರ ಅದನ್ನು ಒಡೆದು ಕಬ್ಬಿಣವಾಗಿ ಮಾರಿದರು. ಜಪಾನೀಯರು 1905ರ ಸುಶಿಮಾ ಕಾಳಗದ ‘ಮಿಕಾಸ’ವನ್ನು ಯೊಕೊಸುಕದಲ್ಲಿ ಇಂದಿಗೂ ಕಾಪಾಡಿಕೊಂಡಿದ್ದಾರೆ, ಯಾವುದರ ಅಟ್ಟದ ಮೇಲೆ 1945ರ ಸೆಪ್ಟೆಂಬರ್ 2ರಂದು ಜಪಾನು ಶರಣಾಗತಿಯ ಪತ್ರಕ್ಕೆ ಸಹಿ ಹಾಕಿತೋ ಅಮೆರಿಕದ ಆ ‘ಮಿಸೌರಿ’ ಪರ್ಲ್ ಹಾರ್ಬರಿನಲ್ಲಿ ಪ್ರೇಕ್ಷಕರನ್ನು ಬರಮಾಡಿಕೊಳ್ಳುತ್ತಿದೆ. ನಮ್ಮಲ್ಲಿ ಮುಂಬಯಿಯಲ್ಲಿ ಕೆಲಕಾಲ ವಸ್ತುಸಂಗ್ರಹಾಲಯವಾಗಿದ್ದ ‘ವಿಕ್ರಾಂತ’ವೂ ಕಡೆಗೆ ಗುಜರಿಯ ಪಾಲಾಯಿತು, ದೊಡ್ಡ ಹಡಗನ್ನು ಉಪ್ಪುನೀರಿನಲ್ಲಿ ತುಕ್ಕು ಹಿಡಿಯದಂತೆ ಸಾಕುವುದು ಸಾಮಾನ್ಯ ವೆಚ್ಚದ ಮಾತಲ್ಲವೆಂಬುದನ್ನು ಬಲ್ಲೆನಾದರೂ ಈ ನಷ್ಟ ನನ್ನ ಮನಸ್ಸನ್ನು ನೋಯಿಸುತ್ತದೆ. ವಿಶಾಖಪಟ್ಟಣದವರು ‘ಕುರ್ಸುರ’ ಎಂಬ ಜಲಾಂತರ್ಗಾಮಿಯನ್ನೂ, ಕಾರವಾರದವರು ‘ಚಪಲ್’ ಎಂಬ ಕ್ಷಿಪಣಿ ನೌಕೆಯನ್ನೂ ದಡಕ್ಕೆ ಎಳೆದು ಉಳಿಸಿಕೊಂಡದ್ದು ಸಮಾಧಾನದ ಸಂಗತಿ. ತಾವು ದುಡಿದ ಹಡಗನ್ನು ಮತ್ತೆ ನೋಡುವ ಭಾಗ್ಯವಿಲ್ಲದ ಮಾವನವರನ್ನು ನಾನು ಕಾರವಾರಕ್ಕೆ ಕರೆದುಕೊಂಡು ಹೋದೆ.

ಪತ್ರಿಕೆಗಳಲ್ಲಿ ‘ಚಾಪೆಲ್’ ಎಂದೂ ಅಚ್ಚಾಗುವ ಈ ನೌಕೆ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಹೆದ್ದಾರಿಗೂ ಅಲೆಗಳಿಗೂ ನಡುವೆ ನಿಂತಿದೆ. ಉದ್ದ 38.6 ಮೀಟರು, ಅಗಲ 7.6 ಮೀಟರು, ತೂಕ ಸುಮಾರು 245 ಟನ್. ಸೋವಿಯತ್ ಒಕ್ಕೂಟದಲ್ಲಿ ನಿರ್ಮಿತವಾಗಿ 1976ರ ನವೆಂಬರಿನಲ್ಲಿ ನಮ್ಮ ನೌಕಾಪಡೆಗೆ ಸೇರಿದ್ದು, 2005ರ ಮೇ ತಿಂಗಳಲ್ಲಿ ವಿಶ್ರಾಂತಿ ಪಡೆದು, 2006ರಲ್ಲಿ ವಸ್ತುಸಂಗ್ರಹಾಲಯವಾಯಿತು. ಹಿಂದಕ್ಕೂ ಮುಂದಕ್ಕೂ ಒಂದೊಂದು ಜೋಡಿನಳಿಗೆಯ ಸಣ್ಣ ಫಿರಂಗಿ, ಎರಡು ಪಕ್ಕಗಳಲ್ಲಿ ಎರಡೆರಡರಂತೆ ನಾಲ್ಕು ದಪ್ಪ ಕೊಳವೆಗಳು, ನಡುವೆ ಇಕ್ಕಟ್ಟಾದ ಕೋಣೆಗಳು. ಮಾವನವರು ಒಂದು ಕೊಳವೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತು, “ಈ ಪುಟ್ಟದಕ್ಕೆ ಹೆದರಿಯೇ ನಮ್ಮಂಥ ಹಡಗುಗಳು ಮೂಲೆ ಸೇರಿದ್ದು, ನೋಡಪ್ಪ” ಎಂದರು. ಇದು ಮುದುಕರ ಹಳಹಳಿಕೆಯಲ್ಲ, ಭೌತಶಾಸ್ತ್ರದ ಸತ್ಯ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸುತ್ತೇನೆ.

ಫಿರಂಗಿಯ ಸಮಸ್ಯೆ ಗುಂಡಿನಲ್ಲಿಲ್ಲ, ಗುಂಡು ಹೊರಟ ಮೇಲೆ ಹಿಂದೆ ಉಳಿಯುವ ನೂಕಿನಲ್ಲಿದೆ. ‘ಮೈಸೂರಿ’ನ ಒಂದು ಗುಂಡು ಸುಮಾರು 51 ಕಿಲೋ ತೂಕದ್ದು, 25 ಅಡಿಯ ನಳಿಗೆಯೊಳಗೆ, ಒಂದು ಸೆಕೆಂಡಿನ ಐವತ್ತನೆಯ ಒಂದಂಶದೊಳಗಾಗಿ, ಅದು ನಿಶ್ಚಲಸ್ಥಿತಿಯಿಂದ ಸೆಕೆಂಡಿಗೆ 800 ಮೀಟರಿಗೂ ಮಿಕ್ಕ ವೇಗವನ್ನು ಪಡೆಯಬೇಕು. ಕ್ರಿಯೆಗೆ ಸಮಾನವೂ ವಿರುದ್ಧವೂ ಆದ ಪ್ರತಿಕ್ರಿಯೆ ಉಂಟೆಂಬ ನ್ಯೂಟನ್ನಿನ ನಿಯಮಕ್ಕೆ ರಿಯಾಯಿತಿಯಿಲ್ಲ. ಗುಂಡಿಗೆ ದೊರೆತ ನೂಕೆಲ್ಲವೂ ಅಷ್ಟೇ ಅಲ್ಪಕಾಲದಲ್ಲಿ ನಳಿಗೆಗೂ, ಅನಂತರ ನಳಿಗೆಯಿಂದ ಗೋಪುರಕ್ಕೂ, ಗೋಪುರದಿಂದ ಹಡಗಿನ ಅಸ್ಥಿಪಂಜರಕ್ಕೂ ವರ್ಗವಾಗಬೇಕು. ಏಟು ದೊಡ್ಡದಾಗಬೇಕಾದರೆ ಗುಂಡು ದೊಡ್ಡದಾಗಬೇಕು, ಗುಂಡು ದೊಡ್ಡದಾದರೆ ನಳಿಗೆ ದಪ್ಪವಾಗಬೇಕು, ಆ ನಳಿಗೆಯನ್ನು ಹೊತ್ತು ತಡೆಯಲು ಹಡಗು ಬೆಳೆಯಬೇಕು. ‘ಮಿಸೌರಿ’ಯಂಥ ಹಡಗು ಹುಟ್ಟಿದ್ದು ಈ ತರ್ಕದ ಕಟ್ಟಕಡೆಯಲ್ಲಿ: ಅದರ ಹದಿನಾರಂಗುಲದ ಫಿರಂಗಿಯ ಒಂದೊಂದು ನಳಿಗೆಯೂ 121 ಟನ್ ತೂಗುತ್ತದೆ. ಅಂಥ ಎರಡು ನಳಿಗೆಗಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟರೆ ಇನ್ನೊಂದರಲ್ಲಿ ‘ಚಪಲ್’ ನೌಕೆಯನ್ನು ಇಡಿಯಾಗಿ ಇಡಬಹುದು.

ಕ್ಷಿಪಣಿಯು ಈ ಸರಪಳಿಯನ್ನು ಕಡಿದುಹಾಕಿತು. ‘ಚಪಲ್’ ಹೊತ್ತಿದ್ದ ಪಿ-15 ಎಂಬ ಕ್ಷಿಪಣಿಯ ತೂಕ ಎರಡು ಟನ್ನಿಗೂ ಹೆಚ್ಚು, ಅದರ ಸಿಡಿತಲೆಯೇ 450 ಕಿಲೋವಿನ ಮೇಲೆ. ಆದರೆ ಅದನ್ನು ಯಾರೂ ಹಿಂದಿನಿಂದ ನೂಕುವುದಿಲ್ಲ, ಅದೇ ತನ್ನ ಅನಿಲವನ್ನು ಹಿಂದಕ್ಕೆ ಉಗುಳಿಕೊಂಡು ಮುಂದಕ್ಕೆ ಹೋಗುತ್ತದೆ. ಪ್ರತಿಕ್ರಿಯೆ ಇಲ್ಲಿಯೂ ಇದೆ; ಅದು ಹಡಗಿನ ಪಕ್ಕೆಲುಬುಗಳಿಗೆ ತಾಗದೆ, ಕೊಳವೆಯ ಹಿಂಬಾಯಿಯ ಮೂಲಕ ಬೆಂಕಿಯ ರೂಪದಲ್ಲಿ ಬಯಲಿಗೆ ಹೊರಟುಹೋಗುತ್ತದೆ. ಕೊಳವೆ ಕೇವಲ ದಾರಿ ತೋರಿಸುವ ತೆಳುಗೂಡು. ಆದ್ದರಿಂದಲೇ, ಮೂವತ್ತರ ಆಸುಪಾಸಿನ ನಾವಿಕರಿರುವ ಒಂದು ದೋಣಿ, ಮಹಾನೌಕೆಗಳು ಮಾತ್ರ ಕೊಡಬಲ್ಲ ಏಟನ್ನು ಕೊಡುವುದು ಸಾಧ್ಯವಾಯಿತು. ಲೋಕಕ್ಕೆ ಇದು ಮನದಟ್ಟಾದುದು 1967ರ ಅಕ್ಟೋಬರ್ 21ರಂದು, ಈಜಿಪ್ಟಿನ ಕಿರುನೌಕೆಗಳು ಪೋರ್ಟ್ ಸೈದಿನ ಬಳಿ ಇದೇ ಬಗೆಯ ಕ್ಷಿಪಣಿಗಳಿಂದ ಇಸ್ರೇಲಿನ ‘ಐಲಾತ್’ ಎಂಬ ನಾಶಕನೌಕೆಯನ್ನು ಮುಳುಗಿಸಿದಾಗ.

ಕ್ಷಿಪಣಿಯ ಪ್ರಯಾಣ ಹೀಗೆ. ಹಡಗಿನ ರೇಡಾರು ಶತ್ರುನೌಕೆಯ ದಿಕ್ಕನ್ನೂ ದೂರವನ್ನೂ ಅಳೆದು ಕ್ಷಿಪಣಿಯ ಸ್ವಯಂಚಾಲಕಕ್ಕೆ ತಿಳಿಸುತ್ತದೆ. ಹೊಟ್ಟೆಯ ಕೆಳಗಿರುವ ಘನ ಇಂಧನದ ರಾಕೆಟ್ಟು ಹೊತ್ತಿಕೊಂಡು ಕ್ಷಿಪಣಿಯನ್ನು ಕೊಳವೆಯಿಂದ ಹೊರಡಿಸುತ್ತದೆ. ಮಡಿಚಿಟ್ಟ ರೆಕ್ಕೆಗಳು ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತವೆ. ಕೆಲಸ ಮುಗಿದ ರಾಕೆಟ್ಟು ಕಳಚಿ ಬಿದ್ದು, ದ್ರವ ಇಂಧನದ ಎಂಜಿನು ಶಬ್ದದ ವೇಗಕ್ಕೆ ತುಸು ಕಡಿಮೆಯಾದ ವೇಗದಲ್ಲಿ ಅದನ್ನು ಒಯ್ಯುತ್ತದೆ. ಗುರಿ ಸಮೀಪಿಸಿದಾಗ ಮೂತಿಯೊಳಗಿನ ಪುಟ್ಟ ರೇಡಾರು ಎಚ್ಚೆತ್ತು, ಸಮುದ್ರದ ಮೇಲೆ ಅತ್ಯಂತ ಪ್ರಬಲವಾಗಿ ಪ್ರತಿಧ್ವನಿಸುವ ವಸ್ತುವನ್ನು ಆರಿಸಿಕೊಂಡು ಅದರತ್ತ ಎರಗುತ್ತದೆ. ದಾರಿಯಲ್ಲಿ ಉರಿಯದೆ ಮಿಕ್ಕ ಇಂಧನವೂ ಗುರಿಯಲ್ಲಿ ಬೆಂಕಿಯನ್ನು ಹೆಚ್ಚಿಸುತ್ತದೆ.

ಇನ್ನು ವೇಗದ ವಿಚಾರ. ನನಗೆ ಅತ್ಯಂತ ಸ್ವಾರಸ್ಯವೆನಿಸಿದ ಭಾಗ ಇದೇ. ನೀರನ್ನು ಸೀಳುತ್ತ ಹೋಗುವ ಹಡಗು ತನ್ನ ಮುಂದೆ ಒಂದು ಅಲೆಯನ್ನೆಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯ ಉದ್ದವೂ ಹೆಚ್ಚುತ್ತದೆ. ಅಲೆಯ ಉದ್ದ ಹಡಗಿನ ಉದ್ದಕ್ಕೆ ಸಮವಾದ ಮೇಲೆ ಇನ್ನೂ ವೇಗವಾಗಿ ಹೋಗಬೇಕೆಂದರೆ ಹಡಗು ತಾನೇ ಎಬ್ಬಿಸಿದ ಅಲೆಯೆಂಬ ಗುಡ್ಡವನ್ನು ಹತ್ತಬೇಕಾಗುತ್ತದೆ. ಅಡಿಗಳಲ್ಲಿ ಅಳೆದ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಈ ಮಿತಿಯ ವೇಗವು ಸ್ಥೂಲವಾಗಿ ನಾಟ್‌ಗಳಲ್ಲಿ ದೊರೆಯುತ್ತದೆ. ‘ಮೈಸೂರಿ’ಗೆ ಲೆಕ್ಕ ಹಾಕಿದರೆ ಬರುವುದು ಮೂವತ್ತೊಂದೂವರೆ ನಾಟ್, ಅದು ಓಡುತ್ತಿದ್ದುದೂ ಹೆಚ್ಚುಕಡಮೆ ಈ ವೇಗದಲ್ಲಿಯೇ. ‘ಚಪಲ್’ ನೌಕೆಗೆ ಲೆಕ್ಕ ಹಾಕಿದರೆ ಬರುವುದು ಹದಿನೈದು ನಾಟ್ ಮಾತ್ರ. ಆದರೆ ಅದರ ವರ್ಗದ ನೌಕೆಗಳು ಮೂವತ್ತೈದನ್ನು ಮೀರಿ ಧಾವಿಸುತ್ತಿದ್ದುವು. ತಮ್ಮ ಅಲೆಯನ್ನೇ ಏರಿ, ಮುಂಭಾಗವನ್ನು ನೀರಿನಿಂದ ಮೇಲೆತ್ತಿ, ಅಲೆಯ ನೆತ್ತಿಯ ಮೇಲೆ ಜಾರುತ್ತ ಹೋಗುವ ಈ ಬಲಾತ್ಕಾರಕ್ಕೆ ಅವು ತೆರುತ್ತಿದ್ದ ಬೆಲೆಯನ್ನು ಅಶ್ವಶಕ್ತಿಯಲ್ಲಿ ಕಾಣಬಹುದು: ದೊಡ್ಡ ಹಡಗಿಗೆ ಒಂದು ಟನ್ನಿಗೆ ಎಂಟರ ಆಸುಪಾಸಿನ ಅಶ್ವಶಕ್ತಿ ಸಾಕಾದರೆ, ಈ ಚಿಕ್ಕದಕ್ಕೆ ಅರುವತ್ತಕ್ಕೂ ಹೆಚ್ಚು ಬೇಕು.

ಅಷ್ಟು ಶಕ್ತಿಯನ್ನು ಅಷ್ಟು ಸಣ್ಣ ಒಡಲಿನಲ್ಲಿ ತುರುಕಿದ್ದು ಲೆನಿನ್‌ಗ್ರಾಡಿನ ‘ಜ್ವೆಜ್ದಾ’ ಕಾರ್ಖಾನೆಯ ಎಂ-504 ಎಂಬ ಡೀಸೆಲ್ ಎಂಜಿನು. ಎತ್ತಿನ ಗಾಡಿಯ ಗಾಲಿಯಲ್ಲಿ ನಡುಗುಂಬದ ಸುತ್ತ ಅರೆಕಾಲುಗಳನ್ನು ಹೂಡಿರುವಂತೆ, ಇದರಲ್ಲಿ ನಡುದಂಡದ ಸುತ್ತ ಏಳು ಸಿಲಿಂಡರುಗಳನ್ನು ನಿಲ್ಲಿಸಿರುತ್ತಾರೆ. ಅಂಥ ಎಂಟು ಸುತ್ತುಗಳನ್ನು ಒಂದರ ಹಿಂದೊಂದು ಜೋಡಿಸಿದಾಗ 56 ಸಿಲಿಂಡರುಗಳ, 5,000 ಅಶ್ವಶಕ್ತಿಯ ಒಂದು ಎಂಜಿನು ಆಗುತ್ತದೆ. ‘ಚಪಲ್’ ಹಡಗಿನಲ್ಲಿದ್ದುವು ಇಂಥವು ಮೂರು. ಒಟ್ಟು 168 ಸಿಲಿಂಡರುಗಳು. ಉಗಿಯಂತ್ರದ ಮಾವನವರಿಗೆ ಇದರಲ್ಲಿ ಮೆಚ್ಚುಗೆಯಷ್ಟೇ ಕನಿಕರವೂ ಹುಟ್ಟಿತು. “ಅಡಿಯಲ್ಲಿರೋ ಸಿಲಿಂಡರಿಗೆ ಕೈ ಹಾಕೋ ಹುಡುಗನ ಬೆನ್ನು ಏನಾಗಬೇಕು, ಯೋಚನೆ ಮಾಡು” ಎಂದು ಅವರು ಮೆಲ್ಲಗೆ ನುಡಿದರು.

ಇಷ್ಟೆಲ್ಲ ಗುಣಗಳ ಜೊತೆಗೆ ಈ ನೌಕೆಗಳ ದೌರ್ಬಲ್ಯಗಳನ್ನೂ ಹೇಳುವುದು ನ್ಯಾಯ. ಇಂಧನ ಬೇಗ ತೀರುತ್ತದೆ. ದೊಡ್ಡ ಅಲೆಗಳಲ್ಲಿ ಒಡಲು ತಾಳುವುದಿಲ್ಲ. ವಿಮಾನ ಮೇಲೆರಗಿದರೆ ಆ ಎರಡು ಸಣ್ಣ ಫಿರಂಗಿಗಳಷ್ಟೇ ಆಶ್ರಯ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದ ‘ನಿಪಾತ’, ‘ನಿರ್ಘಾತ’, ‘ವೀರ’ ಎಂಬ ಮೂರು ಕ್ಷಿಪಣಿ ನೌಕೆಗಳನ್ನು, ಇಂಧನ ಉಳಿಸುವ ಸಲುವಾಗಿ, ದಾರಿಯಲ್ಲಿ ದೊಡ್ಡ ಹಡಗುಗಳು ಹಗ್ಗ ಕಟ್ಟಿ ಎಳೆದುಕೊಂಡು ಹೋಗಬೇಕಾಯಿತು. ಕಮಾಂಡರ್ ಬಬ್ರುಭಾನ್ ಯಾದವ್ ಅವರ ನೇತೃತ್ವದಲ್ಲಿ ಆ ಮೂರು ನೌಕೆಗಳು ‘ಖೈಬರ್’ ಎಂಬ ನಾಶಕನೌಕೆಯನ್ನೂ ‘ಮುಹಾಫಿಜ್’ ಎಂಬ ಮೈನ್‌ಸ್ವೀಪರ್ ನೌಕೆಯನ್ನೂ ಮುಳುಗಿಸಿದುವು. ಆ ದಿನವನ್ನೇ ನಾವು ನೌಕಾದಿನವೆಂದು ಆಚರಿಸುತ್ತೇವೆ. ಆಗ ಪಶ್ಚಿಮ ನೌಕಾಬಲದ ಧ್ವಜನೌಕೆಯಾಗಿದ್ದುದು ನಮ್ಮ ‘ಮೈಸೂರು’. ಆದರೆ ಕರಾಚಿಯ ಕೆಲಸವನ್ನು ಮುಗಿಸಿದ್ದು ಅದರ ಒಂಬತ್ತು ಫಿರಂಗಿಗಳಲ್ಲ. ಎರಡೇ ವರ್ಷಗಳಲ್ಲಿ ಕ್ಷಿಪಣಿಗೂ ಪ್ರತೀಕಾರ ಹುಟ್ಟಿತು: 1973ರ ಅಕ್ಟೋಬರಿನಲ್ಲಿ ಲತಾಕಿಯದ ಕಾಳಗದಲ್ಲಿ ಇಸ್ರೇಲಿನವರು ಸುಳ್ಳು ಪ್ರತಿಧ್ವನಿಗಳನ್ನು ಸೃಷ್ಟಿಸಿ ಇದೇ ಪಿ-15ಗಳ ರೇಡಾರನ್ನು ವಂಚಿಸಿದರು; ಒಂದೂ ಗುರಿ ಮುಟ್ಟಲಿಲ್ಲ.

‘ಚಪಲ್’ ಕರಾಚಿಯ ದಾಳಿಯಲ್ಲಿ ಪಾಲ್ಗೊಂಡಿತ್ತೆಂದು ಹೇಳುವವರುಂಟು. 1976ರಲ್ಲಿ ಸೇವೆಗೆ ಬಂದ ನೌಕೆಗೆ 1971ರ ಕೀರ್ತಿಯನ್ನು ಆರೋಪಿಸುವುದು ತಪ್ಪು. ಅದು ಆ ವೀರನೌಕೆಗಳ ತಂಗಿ, ಅದೇ ವಂಶದ ಸುಧಾರಿಸಿದ ತಲೆಮಾರು. ಪ್ರೇಕ್ಷಣೀಯ ವಸ್ತುವಿಗೆ ಸಲ್ಲದ ಬಿರುದನ್ನು ಕಟ್ಟುವುದರಿಂದ ಅದಕ್ಕೆ ಸಲ್ಲುವ ಗೌರವ ಮರೆಯಾಗುತ್ತದೆ. ಫಿರಂಗಿಯ ಯುಗವನ್ನು ಮುಗಿಸಿದ ಯಂತ್ರದ ನಿಜವಾದ ಮಾದರಿಯೊಂದು ಕರ್ನಾಟಕದ ಕರಾವಳಿಯಲ್ಲಿ ಮುಟ್ಟಿ ನೋಡುವಂತೆ ನಿಂತಿದೆ ಎಂಬುದೇ ಸಾಲದೆ?

ಶೈಕ್ಷಣಿಕ ಪ್ರವಾಸಕ್ಕೆಂದು ಕಾರವಾರಕ್ಕೆ ಮಕ್ಕಳನ್ನು ಕರೆದೊಯ್ಯುವ ನಮ್ಮ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿಯ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆ. ಫಿರಂಗಿಯ ಮುಂದೆ ನಿಲ್ಲಿಸಿ ಛಾಯಾಚಿತ್ರ ತೆಗೆಸಿದ ಮೇಲೆ, ಮಕ್ಕಳನ್ನು ಕ್ಷಿಪಣಿಯ ಕೊಳವೆಯ ಹಿಂಬದಿಗೆ ಕರೆದುಕೊಂಡು ಹೋಗಿ, ನ್ಯೂಟನ್ನಿನ ಮೂರನೆಯ ನಿಯಮವನ್ನು ಅಲ್ಲಿ ನಿಂತು ಪಾಠ ಹೇಳಿರಿ. ಊರಿನಲ್ಲಿ ನಿವೃತ್ತ ನಾವಿಕರು ಯಾರಾದರೂ ಇದ್ದರೆ ಅವರನ್ನೂ ಜೊತೆಯಲ್ಲಿ ಕರೆದೊಯ್ಯಿರಿ.