ಕೆನ್ನೆಗೆ ಕೊಬ್ಬು ತುಂಬಿಸುವ ಮುನ್ನ

ಶವ್ವಾಲ್ ಬಂತೆಂದರೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ನಿಕಾಹ್‌ಗಳ ಸಾಲು ಶುರುವಾಗುತ್ತದೆ. ಜೊತೆಗೆ ನಮ್ಮ ದವಾಖಾನೆಗೆ ಹೊಸ ಬಗೆಯ ಪ್ರಶ್ನೆಗಳೂ ಬರುತ್ತವೆ. ಒಬ್ಬ ತಾಯಿ ಮಗಳನ್ನು ಕರೆತಂದು ಕೇಳಿದರು: "ಡಾಕ್ಟರ್ ಸಾಹೇಬ್ರ, ಇಕಿ ಗಲ್ಲ ಒಳಗ ಹೋಗ್ಯಾವು. ಹೊಟ್ಟಿ ಕೊಬ್ಬು ತಗದು ಮುಖಕ್ಕ ಸೂಜೀಲೆ ತುಂಬತಾರಂತ. ಉಳದದ್ದು ಫ್ರೀಜರ್‌ನ್ಯಾಗ ಇಟ್ಟು ಮುಂದಿನ ವರ್ಷ ಮತ್ತ ಹಾಕತಾರಂತ. ಹಾಕಸಬೌದೇನ್ರಿ?"

ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಬರಬಹುದು. ಆದ್ದರಿಂದ ತಿಳಿದುಕೊಂಡಿರುವುದು ಒಳ್ಳೆಯದು.

ಇದು ಹೊಸ ವಿದ್ಯೆಯಲ್ಲ

1893ರಲ್ಲಿಯೇ ಜರ್ಮನಿಯ ಶಸ್ತ್ರವೈದ್ಯ ಗುಸ್ತಾವ್ ನೂಬರ್ ತೋಳಿನ ಕೊಬ್ಬಿನ ತುಣುಕುಗಳನ್ನು ಮುಖದ ಗಾಯದ ಗುಳಿಗೆ ತುಂಬಿದ್ದರು. ಇಂದು ಹೊಟ್ಟೆ ಅಥವಾ ತೊಡೆಯಿಂದ ಸಣ್ಣ ಕೊಳವೆಯ ಮೂಲಕ ಕೊಬ್ಬನ್ನು ಹೀರಿ, ಶುದ್ಧ ಮಾಡಿ, ಅಂದೇ ಮುಖಕ್ಕೆ ಹಾಕುತ್ತಾರೆ. ಸುಟ್ಟ ಗಾಯ, ಅಪಘಾತ, ಮುಖದ ಒಂದು ಬದಿ ಬತ್ತುವ ಕಾಯಿಲೆ ಇದ್ದವರಿಗೆ ಇದು ನಿಜವಾದ ಉಪಕಾರ. ನಮ್ಮದೇ ಕೊಬ್ಬಾದ್ದರಿಂದ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸುವುದಿಲ್ಲ. ಆದರೆ ಹಾಕಿದ್ದೆಲ್ಲ ಉಳಿಯುವುದೂ ಇಲ್ಲ. ಹೊಸ ಜಾಗದಲ್ಲಿ ರಕ್ತ ಸಿಕ್ಕ ಜೀವಕೋಶ ಬದುಕುತ್ತದೆ, ಸಿಗದದ್ದು ಸಾಯುತ್ತದೆ. ಕೆಲವು ತಿಂಗಳಲ್ಲಿ ಒಂದು ಭಾಗ, ಕೆಲವರಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿಹೋಗುತ್ತದೆ.

ಫ್ರೀಜರಿನ ಮಾತು

ಕರಗಿದ್ದನ್ನು ಮತ್ತೆ ತುಂಬಲೆಂದೇ ಕೆಲವರು ಕೊಬ್ಬನ್ನು ಕೂಡಿಡುವ ಮಾತಾಡುತ್ತಾರೆ. ಬರೀ ಫ್ರೀಜರಿನಲ್ಲಿಟ್ಟರೆ ಜೀವಕೋಶದೊಳಗಿನ ನೀರು ಹರಳುಗಟ್ಟಿ ಅದನ್ನು ಒಡೆದುಬಿಡುತ್ತದೆ. ಆಮೇಲೆ ಚುಚ್ಚುವುದು ಬಹುಪಾಲು ಸತ್ತ ಕೊಬ್ಬು ಮತ್ತು ಎಣ್ಣೆ. ಅದು ಗಂಟಾಗಬಹುದು, ಎಣ್ಣೆಯ ಗುಳ್ಳೆಯಾಗಬಹುದು, ಸೋಂಕು ತರಬಹುದು. ಒಬ್ಬರದ್ದು ಇನ್ನೊಬ್ಬರದ್ದರ ಜೊತೆ ಅದಲು ಬದಲಾದರಂತೂ ಕಥೆಯೇ ಬೇರೆ. "ಕೂಡಿಟ್ಟ ಕೊಬ್ಬು" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ದಾರಿ ದೊಡ್ಡದು, ಸಮಯ ಸಣ್ಣದು

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿನದು. ಹುಬ್ಬುಗಳ ನಡುವಿನ, ಮೂಗಿನ ಸುತ್ತಲಿನ ರಕ್ತನಾಳಗಳು ಕಣ್ಣಿನ ನಾಳಕ್ಕೆ ಕೂಡಿಕೊಂಡಿವೆ. ಸೂಜಿ ನಾಳದೊಳಗೆ ಹೋಗಿ ಕೊಬ್ಬು ಹಿಂದಕ್ಕೆ ಸರಿದರೆ ಕಣ್ಣಿನ ರಕ್ತ ನಿಲ್ಲುತ್ತದೆ. ಮೆದುಳಿಗೆ ಹೋದರೆ ಲಕ್ವ. ಇದು ವಿರಳ, ಆದರೆ ಆದಾಗ ದೃಷ್ಟಿ ಮರಳುವುದು ತೀರ ಅಪರೂಪ. ಹೈಯಲುರಾನಿಕ್ ಆ್ಯಸಿಡ್ ಎಂಬ ಫಿಲ್ಲರನ್ನು ಕರಗಿಸಲು ಒಂದು ಔಷಧವಾದರೂ ಇದೆ, ಕೊಬ್ಬಿಗೆ ಅದೂ ಇಲ್ಲ. ರಕ್ತ ನಿಂತ ಸುಮಾರು ಒಂದೂವರೆ ತಾಸಿನಲ್ಲಿ ಕಣ್ಣಿನ ಪರದೆ ಕೆಟ್ಟುಹೋಗುತ್ತದೆ. ನಮ್ಮ ತಾಲ್ಲೂಕುಗಳಿಂದ ಹುಬ್ಬಳ್ಳಿಯ ಅಥವಾ ದಾವಣಗೆರೆಯ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆ ಸಮಯ ಮುಗಿದಿರುತ್ತದೆ.

ಕೊಬ್ಬು ತೆಗೆಯುವುದೂ ಸಣ್ಣ ಕೆಲಸವಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ವಯಸ್ಸು 21.

ಹಾಗಾಗಿ ಬ್ಯೂಟಿ ಪಾರ್ಲರಿನಲ್ಲಿ ಬೇಡವೇ ಬೇಡ. ನನ್ನಂಥ ಯುನಾನಿ ವೈದ್ಯರ ಕೆಲಸವೂ ಇದಲ್ಲ. ನಿಜವಾದ ಅಗತ್ಯವಿದ್ದರೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಪದವಿ ಪಡೆದವರ ಬಳಿಗೆ, ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ. ಕರ್ನಾಟಕದಲ್ಲಿ 2007ರ ಕಾಯ್ದೆಯಂತೆ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳು ನೋಂದಣಿ ಮಾಡಿಸಲೇಬೇಕು. ಆ ಪತ್ರ ಕೇಳಿ ನೋಡುವುದು ನಿಮ್ಮ ಹಕ್ಕು.

ಜಾಯಿಜ್ ಆಗುತ್ತದೆಯೇ ಎಂದೂ ಕೆಲವರು ಕೇಳುತ್ತಾರೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ (ರ.ಅ) ಅವರಿಗೆ ಪ್ರವಾದಿ (ಸ.ಅ) ಬಂಗಾರದ ಮೂಗು ಮಾಡಿಸಿಕೊಳ್ಳಲು ಹೇಳಿದ್ದು ಹದೀಸಿನಲ್ಲಿದೆ. ಊನವನ್ನು ಸರಿಪಡಿಸುವುದು ಒಂದು, ಅಲ್ಲಾಹ್ ಕೊಟ್ಟ ಚಹರೆ ಸಾಲದೆಂದು ಬದಲಿಸುವುದು ಇನ್ನೊಂದು. ನಿಮ್ಮ ವಿಷಯ ಯಾವುದೆಂದು ಆಲಿಮರನ್ನು ಕೇಳಿ.

ಕೆನ್ನೆ ಬತ್ತಿದ್ದೇಕೆ?

ವೈದ್ಯನಾಗಿ ನಾನು ಮೊದಲು ಕೇಳುವ ಪ್ರಶ್ನೆ ಇದು. ಕೆಲವರಿಗೆ ಅದು ಮನೆತನದ ಚಹರೆ, ಕಾಯಿಲೆಯಲ್ಲ. ಇದ್ದಕ್ಕಿದ್ದಂತೆ ಬತ್ತಿದರೆ ಮಾತ್ರ ಕ್ಷಯ, ಸಕ್ಕರೆ ಕಾಯಿಲೆ, ಥೈರಾಯ್ಡ್ ಪರೀಕ್ಷೆ ಆಗಬೇಕು. ದವಡೆ ಹಲ್ಲು ಹೋದರೂ ಕೆನ್ನೆ ಕುಸಿಯುತ್ತದೆ. ಗುಟ್ಕಾ, ಅಡಿಕೆ ಜಗಿಯುವ ಹುಡುಗರಲ್ಲಿ ಕೆನ್ನೆ ಒಳಗಿನಿಂದ ಬಿಗಿದು ಒಳಸೇರುತ್ತದೆ, ಬಾಯಿ ತೆರೆಯಲು ಕಷ್ಟವಾಗುತ್ತದೆ. ಅದು ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು.

ಆ ಮಗಳ ರೆಪ್ಪೆ ಕೆಳಗೆ ಎಳೆದು ನೋಡಿದೆ, ಬಿಳಿಚಿತ್ತು. ಹಿಮೋಗ್ಲೋಬಿನ್ 8, ತೂಕ 38 ಕಿಲೋ. ನಿಕಾಹ್‌ಗೆ ತೆಳ್ಳಗೆ ಕಾಣಬೇಕೆಂದು ತಿಂಗಳುಗಟ್ಟಲೆ ಬೆಳಗಿನ ನಾಷ್ಟಾ ಬಿಟ್ಟಿದ್ದಳು! ಹೊಟ್ಟೆಗೆ ಹಾಕದೆ, ಹೊಟ್ಟೆಯ ಕೊಬ್ಬನ್ನು ಕೆನ್ನೆಗೆ ಹಾಕಿಸಲು ಹೊರಟಿದ್ದರು.

ಕೆನ್ನೆಗೆ ಮಾತ್ರ ಕೊಬ್ಬು ಕೂಡಿಸುವ ಮಾಜೂನ್, ಮಲಾಮು ಯುನಾನಿಯಲ್ಲಿ ಇಲ್ಲ. ಇದೆ ಎನ್ನುವವರನ್ನು ನಂಬಬೇಡಿ. ಕಬ್ಬಿಣಾಂಶದ ಗುಳಿಗೆ ಬರೆದೆ. ನಾಷ್ಟಾ ಬಿಡಬಾರದು, ಮೊಟ್ಟೆ, ಹಾಲು, ಖರ್ಜೂರ, ಮುನಕ್ಕಾ, ಸೊಪ್ಪಿನ ಪಲ್ಯದ ಮೇಲೆ ಲಿಂಬೆರಸ ಇರಲಿ, ಊಟದ ಜೊತೆ ಚಹಾ ಬೇಡ, ಅದು ಕಬ್ಬಿಣಾಂಶ ಹೀರಲು ಬಿಡುವುದಿಲ್ಲ, ರಾತ್ರಿ ಮೊಬೈಲ್ ಇಟ್ಟು ಹೊತ್ತಿಗೆ ಮಲಗಬೇಕು ಎಂದೆ.

ಮೂರು ತಿಂಗಳ ಮೇಲೆ ತಾಯಿ ಮಗಳು ಮತ್ತೆ ಬಂದರು. ಹಿಮೋಗ್ಲೋಬಿನ್ 11 ಆಗಿತ್ತು. ಕೆನ್ನೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಲಗ್ನಪತ್ರಿಕೆ ಕೊಟ್ಟು ಹೋದರು.