ಕೆರಿ ಊರಿಂದು, ಮೀನು ಯಾರ್ದು? ಗುತ್ತಿಗೆ, ಸಂಘ, ವಿಮೆ ಬಗ್ಗೆ ಮೀನುಗಾರರು ತಿಳಿಯಬೇಕಾದ್ದು

ಯಾದಗಿರಿ: ಸುರಪುರ, ಶಹಾಪುರ ಕಡೆಗೆ ಕೃಷ್ಣಾ. ಯಾದಗಿರಿ ಊರ ಮಗ್ಗುಲಿಗೇ ಭೀಮಾ. ನಾರಾಯಣಪುರದ ಬಸವಸಾಗರ, ಹತ್ತಿಕುಣಿ, ಸೌದಾಗರ ಜಲಾಶಯಗಳು, ಅದರ ಮೇಲೆ ಊರೂರಿನ ಕೆರೆಗಳು. ಜಿಲ್ಲೆಯಲ್ಲಿ ಇಷ್ಟು ನೀರಿದ್ದರೂ ಬಲೆ ಬೀಸುವ ಮನೆಯ ಹುಡುಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಸ್ ಹತ್ತುತ್ತಾನೆ. ಯಾಕೆ?

ಮೀನಿಲ್ಲ ಅನ್ನೋದೊಂದೇ ಕಾರಣ ಅಲ್ಲ. ಮೀನು ಹಿಡಿಯೋ ಹಕ್ಕಿನ ಕಾಗದ ಬಹಳ ಕಡೆ ಹಿಡಿಯುವವನ ಕೈಯಲ್ಲಿ ಇಲ್ಲ. ಎಲ್ಲ ಕಷ್ಟ ಶುರುವಾಗೋದು ಅಲ್ಲಿಂದಲೇ.

ಹಕ್ಕು ಯಾರ ಕೈಯಾಗ ಅದ?

ಕೆರೆ, ಹೊಳೆಯಲ್ಲಿ ಮೀನು ಹಿಡಿಯುವ ಹಕ್ಕಿಗೆ ಸರ್ಕಾರಿ ಕಾಗದದಲ್ಲಿ 'ಮೀನು ಪಾಶುವಾರು ಹಕ್ಕು' ಅನ್ನುತ್ತಾರೆ. ಇದು ನೀರು ಯಾವುದು ಅನ್ನೋದರ ಮೇಲೆ ಬದಲಾಗುತ್ತದೆ.

ಮೀನುಗಾರಿಕೆ ಇಲಾಖೆ ವ್ಯಾಪ್ತಿಯ ಕೆರೆಗಳನ್ನು ಸಾಮಾನ್ಯವಾಗಿ 5 ವರ್ಷಕ್ಕೆ ಗುತ್ತಿಗೆ ಕೊಡಲಾಗುತ್ತದೆ. ನೋಂದಾಯಿತ ಮೀನುಗಾರರ ಸಹಕಾರ ಸಂಘಕ್ಕೆ ಆದ್ಯತೆ. ಉಳಿದವು ಟೆಂಡರ್ ಕಂ ಹರಾಜಿಗೆ ಹೋಗುತ್ತವೆ. ಗ್ರಾಮ ಪಂಚಾಯಿತಿ ಕೈಯಲ್ಲಿರುವ ಸಣ್ಣ ಕೆರೆಗಳನ್ನು ಪಂಚಾಯಿತಿಯೇ ಹರಾಜು ಹಾಕುತ್ತದೆ. ಜಲಾಶಯದಲ್ಲಿ ಪರವಾನಗಿ ತೆಗೆದುಕೊಂಡು ಹಿಡಿಯುವ ಪದ್ಧತಿಯೂ ಇದೆ.

ಅಂದರೆ ತಾತ, ಮುತ್ತಾತನ ಕಾಲದಿಂದ ಇದೇ ಕೆರೆಯಲ್ಲಿ ಹಿಡಿದಿದ್ದೇವೆ ಅಂದರೆ ಸಾಲದು. ಸಂಘದ ಪುಸ್ತಕದಲ್ಲಿ ಹೆಸರಿರಬೇಕು, ಇಲ್ಲವೇ ಪರವಾನಗಿ ಇರಬೇಕು. ಎರಡೂ ಇಲ್ಲದವನು ಸ್ವಂತ ಊರ ಕೆರೆಯಲ್ಲೇ ಕಳ್ಳನಾಗುತ್ತಾನೆ.

ಬಲಿ ನಮ್ದು, ರೊಕ್ಕ ಯಾರ್ದು?

ಸಂಘಕ್ಕೆ ಗುತ್ತಿಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಮೊದಲು ಗುತ್ತಿಗೆ ಹಣ ಕಟ್ಟಬೇಕು. ಮಳೆ ಬಿದ್ದು ಕೆರೆಗೆ ನೀರು ಬಂದ ಕೂಡಲೇ ಕಾಟ್ಲಾ, ರೋಹು, ಮೃಗಾಲ್ ಮರಿ ತಂದು ಬಿಡಬೇಕು. ಆ ಮರಿ ಮಾರುವಷ್ಟು ದೊಡ್ಡದಾಗಲು ಹತ್ತಿರ ಹತ್ತಿರ ವರ್ಷ ಬೇಕು. ಅಲ್ಲಿತನಕ ರೊಕ್ಕ ಯಾರು ಹಾಕಬೇಕು?

ಸಾಹುಕಾರ ನುಗ್ಗೋದು ಈ ಸಂದಿಯಲ್ಲಿ. ಗುತ್ತಿಗೆ ಹಣವನ್ನೂ ಮರಿ ದುಡ್ಡನ್ನೂ ಅವನೇ ಹಾಕುತ್ತಾನೆ, ಮೀನು ತನಗೇ ಕೊಡಬೇಕು ಅಂತ ಬಾಯಿಮಾತಿನ ಕರಾರು ಮಾಡಿಕೊಳ್ಳುತ್ತಾನೆ. ಕಾಗದದಲ್ಲಿ ಸಂಘ ಇರುತ್ತದೆ, ಕೆರೆ ಮಾತ್ರ ಅವನ ಕೈಯಲ್ಲಿರುತ್ತದೆ. ಗುತ್ತಿಗೆ ಪಡೆದವರು ಹಕ್ಕನ್ನು ಹೀಗೆ ಬೇರೆಯವರಿಗೆ ದಾಟಿಸುವುದು ಷರತ್ತಿನ ಉಲ್ಲಂಘನೆ.

ಸುಮ್ಮನೆ ಲೆಕ್ಕಕ್ಕೆ ನೋಡೋಣ. ಒಂದು ತೆಪ್ಪದಲ್ಲಿ ಇಬ್ಬರು ದಿನಕ್ಕೆ 10 ಕೆ.ಜಿ. ಹಿಡಿದರು. ಸಾಹುಕಾರ ಕೆ.ಜಿ.ಗೆ 50 ರೂಪಾಯಿ ಕೊಟ್ಟರೆ 500 ಆಯಿತು, ತಲೆಗೆ 250. ಅದೇ ಮೀನನ್ನು ಸಂತೆಯಲ್ಲಿ 150ಕ್ಕೆ ತಾವೇ ಮಾರಿದರೆ 1,500. ಗುತ್ತಿಗೆ, ಮರಿ, ಐಸ್ ಖರ್ಚಿಗೆ 500 ತೆಗೆದರೂ ತಲೆಗೆ 500 ಉಳಿಯುತ್ತದೆ. ಕೂಲಿಗೂ ಕಸುಬಿಗೂ ಇರುವ ಫರಕು ಇಷ್ಟು.

ಈ ಮುಂಗಡದ ಸಮಸ್ಯೆಗೆ ಒಂದು ದಾರಿ ಕಿಸಾನ್ ಕ್ರೆಡಿಟ್ ಕಾರ್ಡ್. 2018-19ರಿಂದ ಈ ಸೌಲಭ್ಯ ಮೀನುಗಾರರಿಗೂ ಇದೆ. ಒಬ್ಬರೇ ತೆಗೆದುಕೊಳ್ಳಬಹುದು, ಸ್ವಸಹಾಯ ಗುಂಪಿನವರೂ ಕೇಳಬಹುದು. ಮಿತಿಯೊಳಗಿನ ಸಾಲ ಸಕಾಲಕ್ಕೆ ತೀರಿಸಿದರೆ ಬಡ್ಡಿ ಶೇ 4ಕ್ಕೆ ಇಳಿಯುತ್ತದೆ. ಆದರೆ ಬ್ಯಾಂಕಿನವರು ಕೇಳೋದು ಗುತ್ತಿಗೆ ಅಥವಾ ಪರವಾನಗಿ ಕಾಗದ. ಮತ್ತೆ ಮಾತು ಅಲ್ಲಿಗೇ ಬಂತು.

ಹೊಳಿ ತುಂಬಿದಾಗ ಹೊಟ್ಟಿಗೇನು?

ಹೊಸ ನೀರು ಬಂದಾಗ ಗೆಂಡೆ ಜಾತಿಯ ಮೀನುಗಳು ಮೊಟ್ಟೆ ಇಡಲು ಪ್ರವಾಹದ ಎದುರು ಈಜುತ್ತವೆ. ನದಿಗೆ ಅಣೆಕಟ್ಟು, ಬ್ಯಾರೇಜುಗಳು ಬಂದ ಮೇಲೆ ಆ ದಾರಿ ತುಂಡಾಗಿದೆ. 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟು ಹೊಲಗಳಿಗೆ ನೀರು ಕೊಟ್ಟಿತು, ಮೀನಿನ ಓಡಾಟಕ್ಕೆ ಗೋಡೆಯೂ ಆಯಿತು. ಇದರ ಮೇಲೆ ಮರಳಿಗಾಗಿ ನದಿ ಪಾತ್ರ ಅಗೆದರೆ ಮೀನು ಮರಿ ಮಾಡುವ ಜಾಗವೂ ಹೋಗುತ್ತದೆ. ಹೀಗಾಗಿ ಮಳೆಗಾಲದ ಶುರುವಿಗೆ ಸಣ್ಣ ಕಣ್ಣಿನ ಬಲೆ ಹಾಕಿದರೆ ಮುಂದಿನ ವರ್ಷದ ಬೆಳೆಯನ್ನು ಈಗಲೇ ಕೊಯ್ದಂತೆ. ಸಿಡಿಮದ್ದು, ವಿಷ ಹಾಕಿ ಹಿಡಿಯುವುದಂತೂ ಅಪರಾಧ. ರಾಜ್ಯದ ಒಳನಾಡು ಮೀನುಗಾರಿಕೆಗೆ 1996ರ ಪ್ರತ್ಯೇಕ ಕಾಯ್ದೆಯೇ ಇದೆ.

ಅದರ ಮೇಲೆ ಪ್ರವಾಹ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದ್ದನ್ನು ಜಿಲ್ಲೆ ಮರೆತಿಲ್ಲ. ಬಸವಸಾಗರದ ಗೇಟು ತೆರೆದರೆ ನದಿಗೆ ಇಳಿಯಬೇಡಿ ಅಂತ ಡಂಗುರ ಸಾರುತ್ತಾರೆ. ಅಷ್ಟು ದಿನ ತೆಪ್ಪ ದಂಡೆಯ ಮೇಲೆ ಬೋರಲು ಬಿದ್ದಿರುತ್ತದೆ, ಮನೆಯಲ್ಲಿ ಒಲೆ ಮಾತ್ರ ಉರಿಯಲೇಬೇಕು.

2020ರ ಸೆಪ್ಟೆಂಬರ್ 10ರಂದು ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಇದಕ್ಕೊಂದು ನೆರವಿದೆ. ಮೀನುಗಾರ 1,500 ರೂಪಾಯಿ ಉಳಿತಾಯ ಕಟ್ಟಿದರೆ ಸರ್ಕಾರ 3,000 ಸೇರಿಸುತ್ತದೆ. ಒಟ್ಟು 4,500 ರೂಪಾಯಿ, ನಿಷೇಧ ಅಥವಾ ಮೀನು ಸಿಗದ ಮೂರು ತಿಂಗಳಿಗೆ ತಿಂಗಳಿಗೆ 1,500ರಂತೆ. ಹಿಂದುಳಿದ, ನಿಜವಾಗಿ ಕಸುಬು ಮಾಡುವ ಕುಟುಂಬಗಳಿಗೆ ಇದು ಇದೆ. ದೊಡ್ಡ ಮೊತ್ತವಲ್ಲ, ಆದರೆ ಹೆಸರು ನೋಂದಣಿ ಇಲ್ಲದವರಿಗೆ ಅದೂ ಇಲ್ಲ.

ತೆಪ್ಪ ಮುಳುಗಿದ್ರ ಮನಿಗೆ ಏನ್ ಸಿಗ್ತದ?

ಇದೇ ಯೋಜನೆಯಡಿ ಗುಂಪು ಅಪಘಾತ ವಿಮೆ ಇದೆ. 18ರಿಂದ 70 ವರ್ಷದವರಿಗೆ ಅನ್ವಯ. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವೈಕಲ್ಯವಾದರೆ 5 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 2.5 ಲಕ್ಷ, ಅಪಘಾತದ ಆಸ್ಪತ್ರೆ ಖರ್ಚಿಗೆ 25,000 ರೂಪಾಯಿ ತನಕ. ಪ್ರೀಮಿಯಂ ಮೀನುಗಾರ ಕಟ್ಟಬೇಕಿಲ್ಲ, ಕೇಂದ್ರ ಮತ್ತು ರಾಜ್ಯ ಸರ್ಕಾರ ಕಟ್ಟುತ್ತವೆ.

ಹಳ್ಳಿಯಲ್ಲಿ ಆಗುವ ತಪ್ಪು ಒಂದೇ. ದುಃಖದಲ್ಲಿ ಪೊಲೀಸ್ ಠಾಣೆ, ಆಸ್ಪತ್ರೆ ಯಾಕೆ ಅಂತ ಹಾಗೇ ಮಣ್ಣು ಮಾಡಿಬಿಡುತ್ತಾರೆ. ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ ಇಲ್ಲದೆ ಕ್ಲೇಮ್ ನಿಲ್ಲುವುದು ಕಷ್ಟ. ಇದನ್ನು ಪ್ರತಿ ತೆಪ್ಪದವರ ಮನೆಯಲ್ಲೂ ಒಬ್ಬರಿಗಾದರೂ ತಿಳಿಸಿರಬೇಕು.

ಬುಟ್ಟಿ ಹೊತ್ತು ಮಾರೋರು ಮೀನುಗಾರರಲ್ಲೇನು?

ಹೌದು, ಅವರೂ ಮೀನುಗಾರರೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಮಿತಿ 2014ರ ಜೂನ್‌ನಲ್ಲಿ ಸಣ್ಣ ಮೀನುಗಾರರಿಗಾಗಿಯೇ ಮಾರ್ಗಸೂಚಿ ಒಪ್ಪಿತು. ಹಿಡಿಯುವವರು ಮಾತ್ರವಲ್ಲ, ಸೀಳುವ, ಒಣಗಿಸುವ, ಮಾರುವ ಹೆಣ್ಣುಮಕ್ಕಳೂ ಮೀನುಗಾರರೇ ಅಂತ ಅದರಲ್ಲಿದೆ. ಒಳನಾಡಿನ ಕೆರೆ, ನದಿಗೂ ಅದು ಅನ್ವಯ. ಕಡ್ಡಾಯದ ಕಾನೂನಲ್ಲ, ಆದರೆ ಸರ್ಕಾರದ ಮುಂದೆ ಇಡಬಹುದಾದ ಮಾತು.

ಮತ್ಸ್ಯ ಸಂಪದದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಶೇ 60 ಸಹಾಯಧನ. ಐಸ್ ಬಾಕ್ಸ್ ಇರುವ ಬೈಕ್, ತ್ರಿಚಕ್ರ ವಾಹನ, ಮೀನು ಮಾರುವ ಸಣ್ಣ ಮಳಿಗೆ ಇದರಲ್ಲಿ ಬರುತ್ತವೆ. ಬಿಸಿಲ ನಾಡಿನಲ್ಲಿ ಮಧ್ಯಾಹ್ನದೊಳಗೆ ಮೀನು ಮಾರಿ ಮುಗಿಸುವ ಗಡಿಬಿಡಿಯಲ್ಲೇ ರೇಟು ಬೀಳುತ್ತದೆ. ಒಂದು ಐಸ್ ಬಾಕ್ಸ್ ಅಂದರೆ ಸಂಜೆತನಕ ಚೌಕಾಸಿ ಮಾಡುವ ಶಕ್ತಿ.

ಅಂಗಡಿಯವರಿಗೇನು ಸಂಬಂಧ?

ಮೀನು ಮಾರಿದ ರೊಕ್ಕ ಅದೇ ಸಂಜೆ ಕಿರಾಣಿ, ಎಣ್ಣೆ, ಔಷಧಿ ಅಂಗಡಿಗೆ ಬರುತ್ತದೆ. ಸಾಹುಕಾರನ ಜೇಬು ಸೇರಿದ ಲಾಭ ಊರಲ್ಲೇ ಖರ್ಚಾಗುತ್ತದೆ ಅಂತ ಹೇಳಲಾಗದು. ಕೋಲಿ, ಕಬ್ಬಲಿಗ, ಅಂಬಿಗ ಮನೆಗಳು ಹೆಚ್ಚಿರುವ ಜಿಲ್ಲೆ ಇದು. ಅವರ ಕೈ ಖಾಲಿಯಾದರೆ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ.

ಈಗ ಮಾಡಬೇಕಾದ್ದು

- ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿ ಸಂಘದ ಸದಸ್ಯರ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಕೇಳಿ. ಮಾರುವ ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಲು ಕೇಳಿ.
- ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಯ್ದು ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆಯಲ್ಲಿ ನೋಂದಣಿ ಮಾಡಿಸಿ. ವಿಮೆಗೆ ಹೆಸರು ಹೋಗಿದೆಯೇ ಖಚಿತ ಮಾಡಿಕೊಳ್ಳಿ.
- ಊರ ಕೆರೆ ಯಾರಿಗೆ, ಎಷ್ಟಕ್ಕೆ, ಎಲ್ಲಿತನಕ ಗುತ್ತಿಗೆ ಆಗಿದೆ ಅನ್ನೋದು ಗುಟ್ಟಲ್ಲ. ಬಾಯಿಮಾತಿಗೆ ಹೇಳದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಬಹುದು.
- ಸಂಘದ ವಾರ್ಷಿಕ ಮಹಾಸಭೆ ತಪ್ಪಿಸಬೇಡಿ. ಖರ್ಚು, ಮಾರಾಟದ ಲೆಕ್ಕ ಅಲ್ಲೇ ಕೇಳಬೇಕು.

ಗುತ್ತಿಗೆ ಒಮ್ಮೆ ಕೈ ತಪ್ಪಿದರೆ ಮತ್ತೆ 5 ವರ್ಷ ಕಾಯಬೇಕು. ಅಷ್ಟರಲ್ಲಿ ಮನೆಯ ಹುಡುಗ ಬೆಂಗಳೂರಿನಲ್ಲಿ ಗಾರೆ ಕಲಿತಿರುತ್ತಾನೆ, ಬಲೆ ಹೆಣೆಯೋದು ಮರೆತಿರುತ್ತಾನೆ.